ಸೋತವನ ಪರ ವಾದ ಮಾಡಿಸಿದೆ, ಕೇಸುಗಳು ತಲೆಯಲ್ಲಿ ನಿಂತವು

ಹನ್ನೊಂದು, ಹನ್ನೆರಡನೇ ಕ್ಲಾಸಿಗೆ ಲೀಗಲ್ ಸ್ಟಡೀಸ್ ಹೇಳಿಕೊಡುವವರಿಗೆಲ್ಲ ಒಂದೇ ತಲೆನೋವು. ಜನವರಿ ಬಂತು ಅಂದ್ರೆ ಮಕ್ಕಳಿಗೆ ಕೇಸಿನ ಹೆಸರು ನೆನಪಿರುತ್ತದೆ, ತತ್ವ, ಅಂದ್ರೆ ಕೋರ್ಟು ಅದರಲ್ಲಿ ಹೇಳಿದ ನಿಯಮ, ಮರೆತಿರುತ್ತದೆ. ತತ್ವ ನೆನಪಿದ್ದರೆ ಅದು ಯಾವ ಕೇಸಿನದು ಅಂತ ಗೊತ್ತಿರುವುದಿಲ್ಲ. ಡೊನೊಹ್ಯೂ ಕೇಸಿನಲ್ಲಿ ಬಾಟಲಿಯಿಂದ ಬಸವನಹುಳು ಬಂತು ಅಂತ ಎಲ್ಲರೂ ಹೇಳುತ್ತಾರೆ. ಬಂದ ಮೇಲೆ ಏನಾಯ್ತು ಅಂದ್ರೆ ಎಲ್ಲರೂ ಫ್ಯಾನ್ ನೋಡುತ್ತಾರೆ.

ನಾನು ಮಂಗಳೂರಿನಲ್ಲಿ ಆರು ವರ್ಷ ವಕೀಲಿಕೆ ಮಾಡಿ, ಹೊಟ್ಟೆ ತುಂಬದೆ ಟ್ಯೂಷನ್‌ಗೆ ಇಳಿದವನು. ಮೊದಲ ಬ್ಯಾಚಿನಲ್ಲಿ ಹನ್ನೊಂದು ಮಕ್ಕಳು. ಥಿಯರಿ 80ಕ್ಕೆ ಸರಾಸರಿ 46, 47 ಬಂದಿರಬೇಕು. ಪ್ರಾಜೆಕ್ಟಿನ 20 ಅಂಕ ಹೇಗೂ ಸ್ಕೂಲಿನವರು ಕೊಡುತ್ತಾರೆ, ಅದು ನನ್ನ ಲೆಕ್ಕಕ್ಕಿಲ್ಲ.

ಎರಡನೇ ವರ್ಷ ಬಣ್ಣದ ಕಾರ್ಡು ಮಾಡಿಸಿದೆ. ಕಾಂಟ್ರಾಕ್ಟ್ (ಒಪ್ಪಂದ) ಹಳದಿ, ಟಾರ್ಟ್ (ಪರಿಹಾರ ಕೇಳಬಹುದಾದ ಸಿವಿಲ್ ತಪ್ಪು) ಹಸಿರು, ಸಂವಿಧಾನ ನೀಲಿ. ಒಂದು ಬದಿ ಕೇಸಿನ ಹೆಸರು, ಇನ್ನೊಂದು ಬದಿ ತತ್ವ. ದಪ್ಪ ಕಾಗದ, ಲ್ಯಾಮಿನೇಷನ್, ಕಟಿಂಗ್ ಎಲ್ಲ ಸೇರಿ 14,000 ಹತ್ತಿರ ಹೋಯಿತು. ಮಕ್ಕಳು ಒಂದು ವಾರ ಆಸೆಯಿಂದ ಹಿಡಿದುಕೊಂಡು ಓಡಾಡಿದರು. ಆಮೇಲೆ ಗೊತ್ತಾಯಿತು, ಅವರು ನೆನಪಿಟ್ಟದ್ದು ಕಾರ್ಡಿನ ಕಲೆಯನ್ನು. "ಸರ್, ಮೂಲೆಯಲ್ಲಿ ಕಾಫಿ ಬಿದ್ದಿದೆಯಲ್ಲ, ಅದು ಮೊಹೊರಿ ಬೀಬಿ" ಅಂತ ಒಬ್ಬ ಹೇಳಿದ. ಪರೀಕ್ಷೆಯಲ್ಲಿ ಕಾಫಿ ಕಲೆ ಎಲ್ಲಿಂದ ತರಲಿ?

ಮೂರನೇ ವರ್ಷ ವಾಟ್ಸಾಪಿನಲ್ಲಿ ದಿನಕ್ಕೊಂದು ಕೇಸಿನ ಆಡಿಯೋ ಕಳಿಸಿದೆ. ರಾತ್ರಿ ಹತ್ತಕ್ಕೆ ಕೂತು ಐವತ್ತು, ಅರವತ್ತು ರೆಕಾರ್ಡ್ ಮಾಡಿರಬಹುದು. ಕೇಳಿದವರು ಮೂರೋ ನಾಲ್ಕೋ. ಒಬ್ಬಳು ಮಾತ್ರ ದಿನಾ ಕೇಳುತ್ತಿದ್ದಳು. "ಬೇಗ ನಿದ್ದೆ ಬರ್ತದೆ ಸರ್" ಅಂದಳು. ಅದೇ ವರ್ಷ ಒಂದು ಕ್ವಿಜ್ ಆ್ಯಪಿಗೆ 4,800 ಕಟ್ಟಿದ್ದೆ. ಆ ಸುದ್ದಿ ಬೇಡ.

ದಾರಿ ಸಿಕ್ಕಿದ್ದು ಪುತ್ತೂರು ಕಡೆಯ ಒಂದು ತಾಳಮದ್ದಳೆಯಲ್ಲಿ, ವೇಷ ಕುಣಿತ ಇಲ್ಲದೆ ಕೂತು ಬರೀ ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಮಾವನ ಮನೆಯ ಹತ್ತಿರ, ಮಳೆಗಾಲ, ಕರೆಂಟು ಇಲ್ಲ. ವಾಲಿ ಬಾಣ ತಿಂದು ಬಿದ್ದಿದ್ದಾನೆ, ರಾಮನನ್ನು ಕೇಳುತ್ತಿದ್ದಾನೆ. ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ಏನು ವೈರ? ವಾಲಿಯ ಮಾತು ಆಡುವ ಅರ್ಥಧಾರಿ ಎಂಥಾ ಪಟ್ಟು ಹಾಕಿದ ಅಂದ್ರೆ ಸಭೆ ಇಡೀ ವಾಲಿ ಕಡೆ. ರಾಮನ ಅರ್ಥ ಹೇಳುವವರು ಬೆವರು ಒರೆಸಿಕೊಂಡು ಒಂದೊಂದೇ ಪ್ರಶ್ನೆಗೆ ಉತ್ತರ ಕಟ್ಟಬೇಕಾಯಿತು. ಮನೆಗೆ ಬಂದು ಮಲಗಿದರೆ, ರಾಮನ ಉತ್ತರ ಪೂರ್ತಿ ನೆನಪಿದೆ. ಯಾಕೆ? ವಾಲಿಯ ಪ್ರಶ್ನೆ ನೆನಪಿದೆ, ಅದಕ್ಕೆ.

ಮರುದಿನವೇ ಕ್ಲಾಸಿನಲ್ಲಿ ಕಾರ್ಬಾಲಿಕ್ ಸ್ಮೋಕ್ ಬಾಲ್ ಕೇಸು ತೆಗೆದೆ. ಇಂಗ್ಲೆಂಡಿನ 1893ರ ಕೇಸು. ನಾನು ತಾಳಮದ್ದಳೆಯಲ್ಲಿ ಹಾಡಿ ಕಥೆ ನಡೆಸುವ ಭಾಗವತನ ಹಾಗೆ ಕಥೆಯಷ್ಟೇ ಹೇಳಿದೆ. ಹೆಸರು ಹೇಳಲಿಲ್ಲ, ತೀರ್ಪು ಹೇಳಲಿಲ್ಲ. ಕನ್ನಡದಲ್ಲೇ ಹೇಳಿದೆ. ಈ ಉಂಡೆ ಮೂಸಿದ ಮೇಲೂ ಶೀತಜ್ವರ ಬಂದರೆ 100 ಪೌಂಡ್ ಕೊಡ್ತೇವೆ ಅಂತ ಪೇಪರಿನಲ್ಲಿ ಜಾಹೀರಾತು. ಒಬ್ಬ ಹೆಂಗಸು ಮೂಸಿದಳು, ಜ್ವರ ಬಂತು, ದುಡ್ಡು ಕೇಳಿದಳು. ಈಗ ಚೀಟಿ ಎತ್ತಿ. ಚೀಟಿ ಬಂದವನು ಕಂಪನಿ ಪರ, ಎರಡು ನಿಮಿಷ. ಸೋಲುವ ಪಕ್ಷಕ್ಕೆ ಯಾವಾಗಲೂ ಎರಡು ನಿಮಿಷ, ಗೆಲ್ಲುವ ಪಕ್ಷಕ್ಕೆ ಒಂದೇ.

ಚೀಟಿ ಬಂದವನು ಕ್ಲಾಸಿನ ಮಹಾ ಮೌನಿ. ಎದ್ದು ನಿಂತು, ಜಾಹೀರಾತನ್ನು ಯಾರು ಮಾರಾಯ್ರೇ ನಂಬ್ತಾರೆ, ಅಂದ. ಇಡೀ ಊರಿನ ಜೊತೆ ಒಪ್ಪಂದ ಮಾಡಿಕೊಳ್ಳಲಿಕ್ಕೆ ಆಗ್ತದಾ, ಅಂದ. ಆಮೇಲೆ ಸ್ವಲ್ಪ ಯೋಚನೆ ಮಾಡಿ, ಒಪ್ಪಿದೆ ಅಂತ ಆಕೆ ನಮಗೆ ತಿಳಿಸಲೇ ಇಲ್ಲವಲ್ಲ, ಅಂದ. ನನಗೆ ಮೈ ಜುಮ್ಮೆಂದಿತು. ಹುಡುಗ ಪುಸ್ತಕ ತೆರೆಯದೆ ಕಂಪನಿಯ ಮೂರು ವಾದಗಳನ್ನೂ ಹೇಳಿಬಿಟ್ಟಿದ್ದ. ಆ ಕೇಸಿನ ತತ್ವ ಅಂದ್ರೆ ಈ ಮೂರನ್ನು ಕೋರ್ಟು ತಳ್ಳಿಹಾಕಿದ್ದು, ಅಷ್ಟೇ ಅಲ್ವಾ? ಕೋರ್ಟು ಕಂಪನಿಗೆ ಹೇಳಿದ್ದು ಇಷ್ಟು: ಬಹುಮಾನಕ್ಕೆ ಅಂತ ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೀರಿ, ಹಾಗಾದರೆ ಅದು ಬರೀ ಬಡಾಯಿ ಅಲ್ಲ. ಆಫರ್ ಇಡೀ ಜಗತ್ತಿಗೂ ಕೊಡಬಹುದು, ಷರತ್ತು ಪಾಲಿಸಿದವರ ಜೊತೆ ಒಪ್ಪಂದ ಆಗುತ್ತದೆ. ಪಾಲಿಸಿದ್ದೇ ಒಪ್ಪಿಗೆ, ಬೇರೆ ಕಾಗದ ಬೇಡ.

ಬಸವನಹುಳದ ಕೇಸೂ ಹೀಗೇ ಬಗೆಹರಿಯಿತು. ಬಾಟಲಿಯ ಪಾನೀಯ ತಯಾರಿಸಿದ ಸ್ಟೀವನ್ಸನ್ ಪರ ನಿಂತವಳು, ಅದನ್ನು ಕುಡಿದ ಡೊನೊಹ್ಯೂಗೆ ಒಂದೇ ಮಾತು ಹಿಡಿದಳು: "ಬಾಟಲಿ ಕೊಂಡದ್ದು ನಿಮ್ಮ ಗೆಳತಿ. ನಿಮಗೂ ನನಗೂ ಏನು ಸಂಬಂಧ?" ಅದೇ ವಾಲಿಯ ಪ್ರಶ್ನೆ! ನ್ಯಾಯಮೂರ್ತಿ ಲಾರ್ಡ್ ಆಟ್ಕಿನ್ 1932ರಲ್ಲಿ ಹೇಳಿದ ನೆರೆಯವನ ತತ್ವ ಆ ಪ್ರಶ್ನೆಗೆ ಉತ್ತರ: ನಮ್ಮ ಅಜಾಗ್ರತೆಯಿಂದ ಯಾರಿಗೆ ಪೆಟ್ಟಾಗಬಹುದು ಅಂತ ಊಹಿಸಬಹುದೋ ಅವರೆಲ್ಲ ನಮ್ಮ ನೆರೆಯವರು, ಅವರ ಬಗ್ಗೆ ಎಚ್ಚರ ಬೇಕು. ಬಾಟಲಿಯಲ್ಲಿ ನಿಜಕ್ಕೂ ಹುಳ ಇತ್ತಾ ಅಂತ ಕೊನೆಗೂ ಸಾಬೀತಾಗಲಿಲ್ಲ, ನ್ಯಾಯಮೂರ್ತಿಗಳಲ್ಲಿ ಮೂವರು ಡೊನೊಹ್ಯೂ ಕಡೆ, ಇಬ್ಬರು ಸ್ಟೀವನ್ಸನ್ ಕಡೆ. ಇದನ್ನೆಲ್ಲ ಆಮೇಲೆ ಹೇಳಿದರೆ ಮಕ್ಕಳು ತಾವೇ ಬರೆದುಕೊಳ್ಳುತ್ತಾರೆ.

ವಾದ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಎ4 ಹಾಳೆಯ ಕಾಲು ಭಾಗದ ಚೀಟಿಯಲ್ಲಿ ಮಕ್ಕಳು ಆ ಕೇಸಿನ ಬಗ್ಗೆ ನಾಲ್ಕು ಸಾಲು ಬರೆಯಬೇಕು, ಇಂಗ್ಲಿಷಿನಲ್ಲಿ. ಮಾತು ಕನ್ನಡ, ಬರಹ ಇಂಗ್ಲಿಷ್. ಇದಕ್ಕೇ ಜಾಸ್ತಿ ನಗೆಪಾಟಲಾದದ್ದು. ನನ್ನ ಜೊತೆ ಟ್ಯೂಷನ್ ಮಾಡುವ ಗೆಳೆಯರೊಬ್ಬರು, "ಇಂಗ್ಲಿಷ್ ಪರೀಕ್ಷೆಗೆ ನೀವು ಯಕ್ಷಗಾನ ಕಲಿಸ್ತಾ ಇದ್ದೀರಿ" ಅಂದರು. ಒಬ್ಬರು ತಾಯಿ ಬಂದು, ಮಗಳು ಮನೆಯಲ್ಲಿ ಊಟಕ್ಕೆ ಕರೆದರೂ ವಾದ ಹೂಡ್ತಾಳೆ, ಇದು ಸಿಲೆಬಸ್ಸಾ ಅಂತ ಕೇಳಿದರು. ಆ ತಿಂಗಳು ಇಬ್ಬರು ಬಿಟ್ಟುಹೋದರು. ತಲೆಗೆ 1,200ರಂತೆ ನನಗೆ ತಿಂಗಳಿಗೆ 2,400 ಕಡಿಮೆ. ಕ್ಲಾಸು ನಡೆಸುವ ಕೋಣೆಯ ಬಾಡಿಗೆ 6,000 ಹಾಗೇ ಇತ್ತು.

ಅವರ ಅನುಮಾನದಲ್ಲಿ ಹುರುಳು ಇತ್ತು ಅನ್ನಿ. ಅರ್ಧವಾರ್ಷಿಕದಲ್ಲಿ ಏಟು ಬಿತ್ತು. ಬಾಲ್ಫೋರ್ ಕೇಸು, 1919. ಗಂಡ ಸಿಲೋನಿನಲ್ಲಿ ಕೆಲಸ, ಹೆಂಡತಿ ಇಂಗ್ಲೆಂಡಿನಲ್ಲಿ, ತಿಂಗಳಿಗೆ 30 ಪೌಂಡ್ ಕಳಿಸ್ತೇನೆ ಅಂತ ಮಾತು. ಆಮೇಲೆ ಸಂಬಂಧ ಹಳಸಿತು, ದುಡ್ಡು ನಿಂತಿತು. ಕೆಳಗಿನ ಕೋರ್ಟಿನಲ್ಲಿ ಹೆಂಡತಿ ಗೆದ್ದಳು, ಮೇಲಿನ ಕೋರ್ಟಿನಲ್ಲಿ ಸೋತಳು: ಗಂಡ ಹೆಂಡತಿ ನಡುವಿನ ಇಂಥ ಮನೆಮಾತು ಕಾನೂನಿನ ಒಪ್ಪಂದ ಅಲ್ಲ ಅಂತ. ಹೆಂಡತಿ ಪರ ವಾದ ಮಾಡಿದ ಹುಡುಗಿ ಅಳು ಬರುವ ಹಾಗೆ ಮಾತಾಡಿದ್ದಳು. "ಎಂತ ಸರ್ ಇದು, ಹಾಲಿನವನಿಗೆ ಕೊಟ್ಟ ಮಾತು ಒಪ್ಪಂದ, ಹೆಂಡತಿಗೆ ಕೊಟ್ಟದ್ದು ಅಲ್ವಾ?" ಎಲ್ಲರೂ ಚಪ್ಪಾಳೆ. ಪರೀಕ್ಷೆಯಲ್ಲಿ ನಾಲ್ಕು ಜನ ಬರೆದರು, ಗಂಡ ದುಡ್ಡು ಕೊಡಲೇಬೇಕು ಅಂತ ಕೋರ್ಟು ಹೇಳಿತು ಅಂತ. ಸೋತವನ ವಾದ ಅಷ್ಟು ಚೆನ್ನಾಗಿ ನೆಟ್ಟಿತ್ತು, ತೀರ್ಪೇ ಅದರಡಿ ಮುಚ್ಚಿಹೋಗಿತ್ತು.

ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಪರಿಹಾರ ಸಣ್ಣದು. ನಾಲ್ಕು ಸಾಲಿನಲ್ಲಿ ಮೂರನೇ ಸಾಲು "ಬಟ್ ದಿ ಕೋರ್ಟ್" ಅಂತಲೇ ಶುರುವಾಗಬೇಕು, ಕೆಂಪು ಪೆನ್ನಿನಲ್ಲಿ. ಮೊದಲ ಸಾಲು ಯಾರು ಏನು ಕೇಳಿದರು, ಎರಡನೆಯದು ಸೋತವರು ಏನಂದರು, ನಾಲ್ಕನೆಯದು ತತ್ವ. ಕೆಂಪು ಸಾಲು ಇಲ್ಲದ ಚೀಟಿ ನಾನು ಮುಟ್ಟುವುದಿಲ್ಲ. ಅದೇ ಚೀಟಿಯನ್ನು ಮೂರನೇ ದಿನ, ಹತ್ತನೇ ದಿನ, ತಿಂಗಳ ಕೊನೆಗೆ ನೋಡದೆ ಮತ್ತೆ ಬರೆಯಬೇಕು. ಖರ್ಚು ಅಂದ್ರೆ ಒಂದು ರೀಮ್ ಕಾಗದ, ಒಂದು ಡಬ್ಬ ಕೆಂಪು ಪೆನ್ನು. ಆ 14,000 ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹತ್ತನೇ ದಿನದ ಚೀಟಿಯಲ್ಲಿ ನಾನು ಕಥೆಯೊಳಗೆ ಒಂದು ಸಣ್ಣ ಬದಲಾವಣೆ ಮಾಡಿ ಕೊಡುತ್ತೇನೆ. ಏನು ಬದಲಿಸಬೇಕು, ಯಾವ ಕೇಸಿಗೆ ಅಂತ ನನ್ನದೇ ಒಂದು ಪಟ್ಟಿ ಉಂಟು. ಅದನ್ನು ಇಲ್ಲಿ ಹಾಕುವುದಿಲ್ಲ, ಹೊಟ್ಟೆಪಾಡು.

ಮಧ್ಯೆ ಒಂದು ತಮಾಷೆ ಮಾಡಿದೆ. ಲಾಲ್‌ಮನ್ ಶುಕ್ಲಾ ಕೇಸು ಗೊತ್ತಲ್ಲ, 1913, ಅಲಹಾಬಾದ್. ಓಡಿಹೋದ ಹುಡುಗನನ್ನು ಹುಡುಕಲು ಮುನೀಮನನ್ನು ಕಳಿಸಿದರು, ಆಮೇಲೆ 501 ರೂಪಾಯಿ ಬಹುಮಾನ ಸಾರಿದರು. ಬಹುಮಾನದ ಸುದ್ದಿ ತಿಳಿಯುವ ಮೊದಲೇ ಅವನು ಹುಡುಗನನ್ನು ಹುಡುಕಿದ್ದ. ದುಡ್ಡು ಸಿಗಲಿಲ್ಲ. ನಾನು ಸ್ಕೂಟರಿನ ಕೀ ಬೇಕಂತಲೇ ಮೆಟ್ಟಿಲ ಹತ್ತಿರ ಬೀಳಿಸಿದೆ. ತಡವಾಗಿ ಬರುವ ಹುಡುಗನೊಬ್ಬ ಇದ್ದ. ಅವನು ಬರುವ ಮೊದಲು ಕ್ಲಾಸಿನಲ್ಲಿ, ಕೀ ಹುಡುಕಿಕೊಟ್ಟವರಿಗೆ 100 ರೂಪಾಯಿ ಅಂದೆ. ಅವನು ಬಂದ, ಕೀ ಕೊಟ್ಟ, ಕೂತ. ಆಮೇಲೆ ಪಕ್ಕದವನು ಕಿವಿಯಲ್ಲಿ ಊದಿದ. "ಸರ್, ನೂರು ರೂಪಾಯಿ!" ಕೊಡಲ್ಲ ಅಂದೆ. ಹತ್ತು ನಿಮಿಷ ಜಗಳ. ಕೊನೆಗೆ ಅವನೇ, "ಆಫರ್ ಗೊತ್ತಿರಲಿಲ್ಲ, ಹಾಗಾಗಿ ಒಪ್ಪಿಗೆಯೂ ಇಲ್ಲ ಅಂತ ಹೇಳ್ತಿದ್ದೀರಾ?" ಅಂದ. ಹೌದಪ್ಪ. 51 ರೂಪಾಯಿ ಕೊಟ್ಟು ಸಮಾಧಾನ ಮಾಡಿದೆ. ಆ ಬ್ಯಾಚಿನಲ್ಲಿ ಈ ಕೇಸು ಮರೆತವರು ಒಬ್ಬರೂ ಇಲ್ಲ. ಮುಂದಿನ ವರ್ಷ ಇದೇ ಆಟ ನಡೆಯಲಿಲ್ಲ, ಅಣ್ಣಂದಿರು ತಮ್ಮಂದಿರಿಗೆ ಹೇಳಿಬಿಟ್ಟಿದ್ದರು.

ನನ್ನ ವಿಧಾನ ತಡವರಿಸಿದ್ದು ಸಂವಿಧಾನದಲ್ಲಿ. ಕೇಶವಾನಂದ ಭಾರತಿ ಕೇಸಿನಲ್ಲಿ ಸೋತವರು ಯಾರು? ಆ ಸ್ವಾಮೀಜಿಯ ಎಡನೀರು ಮಠ ನಮಗೆ ಪಕ್ಕದ್ದೇ, ಕಾಸರಗೋಡು. ಸ್ವಾಮೀಜಿ ಹೋದದ್ದು ಮಠದ ಭೂಮಿಗಾಗಿ. 13 ನ್ಯಾಯಮೂರ್ತಿಗಳು, 68 ದಿನ ವಿಚಾರಣೆ, 1973ರ ಏಪ್ರಿಲ್ 24ರಂದು 7-6ರ ತೀರ್ಪು. ಭೂಸುಧಾರಣೆ ಕಾಯ್ದೆಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿ ಉಳಿಯಿತು. ಸಂಸತ್ತು ಸಂವಿಧಾನದ ಮೂಲರಚನೆ ಮುಟ್ಟುವ ಹಾಗಿಲ್ಲ ಅಂತಲೂ ಆಯಿತು. ಸ್ವಾಮೀಜಿ, ಸರ್ಕಾರ ಇಬ್ಬರೂ ಅರ್ಧ ಗೆದ್ದರು, ಅರ್ಧ ಸೋತರು. ಚೀಟಿ ಎತ್ತಿದ ಹುಡುಗಿ, "ನಾನು ಯಾರ ಪರ ಸರ್?" ಅಂತ ನಿಂತಳು. ನನಗೂ ಉತ್ತರ ಇರಲಿಲ್ಲ.

ಆಗ ಒಂದೇ ಪ್ರಶ್ನೆಯ ಕೇಸುಗಳನ್ನು ಮೆಟ್ಟಿಲಾಗಿ ಜೋಡಿಸಿ ಏಣಿ ಕಟ್ಟಿದೆ. 1951, ಶಂಕರಿ ಪ್ರಸಾದ್. ತಿದ್ದುಪಡಿಯೂ ಒಂದು ಕಾನೂನೇ, ಅದು ಮೂಲಭೂತ ಹಕ್ಕು ಕಸಿಯಬಾರದು ಅನ್ನುವ ವಾದ ಸೋತಿತು. 1965, ಸಜ್ಜನ್ ಸಿಂಗ್. ಮತ್ತೆ ಸೋಲು, ಆದರೆ ನ್ಯಾಯಮೂರ್ತಿ ಹಿದಾಯತುಲ್ಲಾ, ಮುಧೋಳ್ಕರ್ ಇಬ್ಬರೂ ಅನುಮಾನ ಎತ್ತಿದರು. 1967, ಗೋಲಕನಾಥ್. ಅದೇ ಸೋತ ವಾದ 6-5ರಲ್ಲಿ ಗೆದ್ದಿತು. 1973ರಲ್ಲಿ ಗೋಲಕನಾಥ್ ಬಿದ್ದುಹೋಯಿತು, ಮೂಲರಚನೆ ಎದ್ದಿತು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಸ್ ಕೇಸು ಅದಕ್ಕೆ ಇನ್ನೊಂದು ಮೊಳೆ ಹೊಡೆಯಿತು. ಮೆಟ್ಟಿಲಿಗೊಬ್ಬರಂತೆ ಐದು ಜನರನ್ನು ನಿಲ್ಲಿಸಿ, ಸೋತ ವಾದವನ್ನು ಕೆಳಗಿನಿಂದ ಮೇಲಕ್ಕೆ ದಾಟಿಸಿದೆ. ಸೋತವನ ಮಾತು ಎಲ್ಲಿಗೆ ಹೋಯಿತು ಅಂತ ಹುಡುಕುವುದೇ ಆಟ. ಸ್ವಾತಂತ್ರ್ಯ ಕಸಿಯುವ ಕ್ರಮ ನ್ಯಾಯವಾಗಿಯೂ ಇರಬೇಕು ಅಂತ 1950ರ ಗೋಪಾಲನ್ ಕೇಸಿನಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಒಬ್ಬರೇ ಹೇಳಿದ ಮಾತು 1978ರಲ್ಲಿ ಮೇನಕಾ ಗಾಂಧಿ ಕೇಸಿನಲ್ಲಿ ಗೆದ್ದಿತು. 1976ರಲ್ಲಿ ತುರ್ತು ಪರಿಸ್ಥಿತಿ ಹೊತ್ತಿನ ಎಡಿಎಂ ಜಬಲ್ಪುರ್ ಕೇಸಿನಲ್ಲಿ, ಬಂಧನ ಪ್ರಶ್ನಿಸಿ ಕೋರ್ಟಿಗೆ ಬರುವ ಹಾಗಿಲ್ಲ ಅಂತ ಬಹುಮತ ಹೇಳಿದಾಗ ನ್ಯಾಯಮೂರ್ತಿ ಖನ್ನಾ ಒಬ್ಬರೇ ಬೇರೆ ಹೇಳಿದರು. 2017ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಖಾಸಗಿತನದ ಕೇಸಿನಲ್ಲಿ ಆ ಬಹುಮತದ ತೀರ್ಪು ತಪ್ಪು ಅಂತಾಯಿತು. ಅಪ್ಪ ಚಂದ್ರಚೂಡ್ ಆ ಬಹುಮತದಲ್ಲಿದ್ದರು, ಅದನ್ನು ತಳ್ಳಿಹಾಕಿ ಬರೆದದ್ದು ಮಗ ಚಂದ್ರಚೂಡ್. ಇಷ್ಟು ಹೇಳಿದರೆ ಸಾಕು, ಹದಿನೇಳು ವರ್ಷದ ಮಕ್ಕಳಿಗೆ ಅಪ್ಪನನ್ನು ಸೋಲಿಸಿದ ಕಥೆ ಮರೆಯುವುದೇ ಇಲ್ಲ.

ದುಡ್ಡಿನ ವಿಷಯದಲ್ಲಿ ಇನ್ನೊಂದು ಪೆಟ್ಟು ಹೇಳಲೇಬೇಕು. ಐಪಿಸಿ, ಅಂದ್ರೆ ಹಳೆಯ ಭಾರತೀಯ ದಂಡ ಸಂಹಿತೆಯ ಸೆಕ್ಷನ್‌ಗಳ ಪುಟ್ಟ ಪುಸ್ತಕ ಮಾಡಿಸಿದ್ದೆ, 300 ಪ್ರತಿ, 19,000 ಚಿಲ್ಲರೆ. ಪ್ರೆಸ್ಸಿನವರು ರಿಯಾಯಿತಿ ಕೊಟ್ಟರು ಅಂತ 2024ರ ಮೇ ತಿಂಗಳಲ್ಲಿ ಪ್ರಿಂಟ್ ಹಾಕಿಸಿದೆ. ಜುಲೈ 1ಕ್ಕೆ ಅದರ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಬರುತ್ತದೆ ಅಂತ ಗೊತ್ತಿತ್ತು, ಮುಂದೆ ಹಾಕ್ತಾರೆ ಬಿಡು ಅಂದುಕೊಂಡಿದ್ದೆ. ಸುಮ್ನೆ ಹಟ. 511 ಸೆಕ್ಷನ್ ಹೋಗಿ 358 ಆಯಿತು, ಕೊಲೆಯ 302 ಹೋಗಿ 103 ಆಯಿತು. ಅರ್ಧ ಪುಸ್ತಕ ರದ್ದಿಗೆ ಹಾಕಿದೆ. ಉಳಿದ ಅರ್ಧಕ್ಕೆ ಮಕ್ಕಳ ಕೈಯಲ್ಲೇ ಹೊಸ ನಂಬರಿನ ಸ್ಟಿಕ್ಕರ್ ಅಂಟಿಸಿದೆ. ತಮಾಷೆ ಏನಂದ್ರೆ, ಹಳೆಯದರ ಮೇಲೆ ಹೊಸದನ್ನು ಕೈಯಾರೆ ಅಂಟಿಸಿದ್ದಕ್ಕೋ ಏನೋ, ಎರಡೂ ನಂಬರ್ ಅವರಿಗೆ ಬಾಯಿಗೆ ಬಂದವು. 420 ಮಾತ್ರ 318 ಆಗಲು ಒಪ್ಪುತ್ತಿಲ್ಲ. "ಅವನೊಬ್ಬ ತ್ರೀ ಏಯ್ಟೀನ್" ಅಂದ್ರೆ ಬೈದ ಹಾಗೇ ಆಗಲ್ಲ ಅಂತಾರೆ.

ಕಳೆದ ವರ್ಷ 14 ಮಕ್ಕಳು. ಥಿಯರಿಯಲ್ಲಿ 70 ದಾಟಿದವರು ಒಂಬತ್ತು, ಕಡಿಮೆ ಬಂದವನದು 58 ಇರಬೇಕು. ಕಾರಣವನ್ನೂ ಹೇಳ್ತೇನೆ, ಅವನು ಚೀಟಿ ಬರೆಯದೆ ಬರೀ ವಾದ ಮಾಡಿದವನು. ಇಬ್ಬರು ಕ್ಲಾಟ್, ಅಂದ್ರೆ ಲಾ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದರು. ಅಲ್ಲಿ ಈಗ ಪ್ಯಾಸೇಜ್ ಕೊಟ್ಟು ತತ್ವ ಹಚ್ಚಿಸುತ್ತಾರೆ, ಕೇಸು ಬಾಯಿಪಾಠ ಬೇಕಿಲ್ಲ. ಆದರೂ ಎದುರು ಪಕ್ಷ ಏನು ಹೇಳ್ತದೆ ಅಂತ ಮೊದಲು ನೋಡುವ ಅಭ್ಯಾಸ ಕೆಲಸಕ್ಕೆ ಬಂತು ಅಂದರು.

ಯಕ್ಷಗಾನ ಕಲಿಸ್ತಾ ಇದ್ದೀರಿ ಅಂದ ಆ ಗೆಳೆಯರು ಈ ಜೂನಿನಲ್ಲಿ ಮಗಳನ್ನು ಕರೆದುಕೊಂಡು ಬಂದರು. ಫೀಸು ಈಗ 1,800, ರಿಯಾಯಿತಿ ಕೇಳಲಿಲ್ಲ, ನಾನೂ ಕೊಡಲಿಲ್ಲ. ಅವಳಿಗೆ ಮೊದಲ ಚೀಟಿಯೇ ಬಾಲ್ಫೋರ್ ಬಂತು. ಮನೆಯಲ್ಲಿ ಈಗ ಅಪ್ಪನ ಪಾಕೆಟ್ ಮನಿ ಮಾತು ಒಪ್ಪಂದವೋ ಅಲ್ಲವೋ ಅಂತ ದಿನಾ ವಾದವಂತೆ.