ಲ್ಯಾಬ್ ವರದಿ ಕೈಗೆ ಬಂತು, ನಂಬುವುದು ಹೇಗೆ?

ಹೋದ ವರ್ಷ ಕರಿಮೆಣಸು ಮಾರಲು ಗೋಣಿಕೊಪ್ಪಕ್ಕೆ ಹೋಗಿದ್ದೆ. ನನ್ನ ತೇವಾಂಶದ ಮೀಟರ್ 11 ತೋರಿಸಿತ್ತು. ವ್ಯಾಪಾರಿಯ ಮೀಟರ್ 12.5 ಅಂದಿತು. ಒಂದೂವರೆ ಪರ್ಸೆಂಟ್ ಕಡಿತ. ಎರಡು ಟನ್ನಿಗೆ 30 ಕೆ.ಜಿ. ಹೋಯಿತು. ಇಬ್ಬರ ಮೀಟರಿಗೂ ಕ್ಯಾಲಿಬ್ರೇಷನ್ (ನಿಖರ ಅಳತೆಯ ಜೊತೆ ಹೋಲಿಸಿ ನೋಡುವುದು) ಆಗಿರಲಿಲ್ಲ. ಯಾರದು ಸರಿ ಅಂತ ಹೇಳುವವರೂ ಇರಲಿಲ್ಲ. ಅವತ್ತಿನಿಂದ ಈ ವಿಷಯದ ಬೆನ್ನು ಬಿದ್ದೆ.

ಮೊದಲು ತಿಳಿಯಬೇಕಾದ ಹೆಸರು ಎನ್‌ಎಬಿಎಲ್. ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಡಿಯಲ್ಲಿರುವ ಈ ಮಂಡಳಿ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುತ್ತದೆ. ಅಳತೆಗೋಲು ಐಎಸ್‌ಒ/ಐಇಸಿ 17025:2017 ಅನ್ನುವ ಅಂತರರಾಷ್ಟ್ರೀಯ ಮಾನದಂಡ. ಉಪಕರಣ, ವಿಧಾನ, ಕೆಲಸ ಮಾಡುವವರ ಪರಿಣತಿ ಎಲ್ಲವನ್ನೂ ಅಲ್ಲಿಗೇ ಬಂದು ನೋಡುತ್ತಾರೆ.

ಸ್ಯಾಂಪಲ್ ಕಳಿಸುವ ಮೊದಲು ಖರೀದಿದಾರರಿಗೆ ಏನು ಬೇಕು ಅಂತ ಕೇಳಿ. ತೇವಾಂಶವೇ, ಕೀಟನಾಶಕದ ಶೇಷವೇ, ಬೂಷ್ಟಿನಿಂದ ಬರುವ ವಿಷವಾದ ಅಫ್ಲಾಟಾಕ್ಸಿನ್ನೇ? ಮಿತಿ ಎಷ್ಟು? ಕೇಳದೆ ಸುಮ್ನೆ ಎಲ್ಲ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ.

ಆಮೇಲೆ ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ಲ್ಯಾಬ್ ಹುಡುಕಿ, ಅದರ 'ಸ್ಕೋಪ್', ಅಂದರೆ ಮಾನ್ಯತೆ ಇರುವ ಪರೀಕ್ಷೆಗಳ ಪಟ್ಟಿ, ತೆರೆಯಿರಿ. ಜಾಸ್ತಿ ಜನ ಎಡವುವುದು ಇಲ್ಲೇ. ಲ್ಯಾಬಿನ ಗೋಡೆಯ ಮೇಲೆ ಪ್ರಮಾಣಪತ್ರ ಇದ್ದರೆ ಅಲ್ಲಿ ಮಾಡುವ ಎಲ್ಲ ಪರೀಕ್ಷೆಗೂ ಮಾನ್ಯತೆ ಇದೆ ಅಂತಲ್ಲ. ಯಾವ ಪದಾರ್ಥ, ಯಾವ ಪರೀಕ್ಷೆ, ಯಾವ ವಿಧಾನ, ಎಷ್ಟರಿಂದ ಎಷ್ಟರವರೆಗೆ ಅಂತ ಸಾಲು ಸಾಲಾಗಿ ಬರೆದಿರುತ್ತದೆ. ನಿಮ್ಮ ಸಾಲು ಅಲ್ಲಿರಬೇಕು. ಯುರೋಪಿಗೆ ಹೋಗುವ ಮೆಣಸಿನಲ್ಲಿ ಅಫ್ಲಾಟಾಕ್ಸಿನ್ ಬಿ1 ಕೆ.ಜಿ.ಗೆ 5 ಮೈಕ್ರೊಗ್ರಾಂ ದಾಟುವಂತಿಲ್ಲ. ಲ್ಯಾಬಿನ ಅಳತೆ 10ರಿಂದಲೇ ಶುರುವಾದರೆ ಆ ವರದಿ ನಿಮಗೆ ಏನು ಪ್ರಯೋಜನ?

ಸ್ಯಾಂಪಲ್ ತೆಗೆಯುವುದನ್ನು ಹಗುರವಾಗಿ ನೋಡಬೇಡಿ. ಮೇಲಿನ ಚೀಲದಿಂದ ಒಂದು ಹಿಡಿ ತೆಗೆದರೆ ಸಾಲದು. ಬೇರೆ ಬೇರೆ ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು ಶುಭ್ರವಾದ ಟಾರ್ಪಾಲಿನ ಮೇಲೆ ಬೆರೆಸಿ. ದುಂಡಗೆ ಹರಡಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಉಳಿಸಿಕೊಂಡು ಮತ್ತೆ ಬೆರೆಸಿ. ಬೇಕಾದಷ್ಟಾಗುವವರೆಗೆ ಹೀಗೇ ಮಾಡಿ. ಗಾಳಿ ಆಡದ ಎರಡು ಕವರಿಗೆ ತುಂಬಿ ಸೀಲ್ ಮಾಡಿ. ಒಂದು ಲ್ಯಾಬಿಗೆ, ಒಂದು ನಿಮಗೆ. ನಮ್ಮ ಮಳೆಗಾಲದಲ್ಲಿ ಕವರ್ ಬಾಯಿ ತೆರೆದಿಟ್ಟರೆ ಮೆಣಸು ತೇವ ಎಳೆದುಕೊಳ್ಳುತ್ತದೆ, ಅಲ್ವಾ? ಲ್ಯಾಬ್ ಹೇಳುವುದು ತನಗೆ ಬಂದ ಸ್ಯಾಂಪಲ್ಲಿನ ಬಗ್ಗೆ ಮಾತ್ರ, ನಿಮ್ಮ ಗೋದಾಮಿನ ಬಗ್ಗೆ ಅಲ್ಲ.

ವರದಿ ಬಂದಾಗ ಎನ್‌ಎಬಿಎಲ್ ಚಿಹ್ನೆ ಮತ್ತು ಅದರ ಜೊತೆಗಿರುವ ಸಂಖ್ಯೆ ನೋಡಿ. ಪರೀಕ್ಷಾ ಲ್ಯಾಬಿಗೆ 'ಟಿಸಿ', ಕ್ಯಾಲಿಬ್ರೇಷನ್ ಲ್ಯಾಬಿಗೆ 'ಸಿಸಿ' ಅಂತ ಶುರುವಾಗುತ್ತದೆ. ಯುಎಲ್‌ಆರ್ ಅನ್ನುವ ಉದ್ದನೆಯ ವರದಿ ಸಂಖ್ಯೆಯೂ ಇರುತ್ತದೆ. ಯಾವುದಾದರೂ ಪರೀಕ್ಷೆಯ ಪಕ್ಕ ನಕ್ಷತ್ರದ ಗುರುತಿದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ಅದು ಸ್ಕೋಪಿನ ಹೊರಗಿನದು ಅಂತ ಬರೆದಿರಬಹುದು. ಫಲಿತಾಂಶದ ಜೊತೆ '± 0.3' ಅಂತಿದ್ದರೆ ಅದು ತಪ್ಪಲ್ಲ. ಯಾವ ಅಳತೆಯಲ್ಲೂ ಅಷ್ಟಿಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ. ಅದನ್ನು ಬರೆದು ಹೇಳುವ ಲ್ಯಾಬೇ ನನಗೆ ಮೇಲು.

ಇನ್ನು ಮೀಟರ್. ಸರ್ವಿಸ್ ಬೇರೆ, ಕ್ಯಾಲಿಬ್ರೇಷನ್ ಬೇರೆ. ನಿಮ್ಮ ಮೀಟರ್ ನಿಜವಾದ ಅಳತೆಗಿಂತ ಎಷ್ಟು ಹೆಚ್ಚು ಕಮ್ಮಿ ತೋರಿಸುತ್ತದೆ ಅಂತ ತಿಳಿಸುವುದೇ ಕ್ಯಾಲಿಬ್ರೇಷನ್. ಮುಂದಿನ ಸಲ ಯಾವಾಗ ಮಾಡಿಸಬೇಕು ಅಂತ ನೀವು ಕೇಳದೆ ಲ್ಯಾಬ್ ಪತ್ರದಲ್ಲಿ ಬರೆಯುವಂತಿಲ್ಲ. ನಾನು ವರ್ಷಕ್ಕೊಮ್ಮೆ, ಕೊಯ್ಲಿಗೆ ಮುಂಚೆ ಮಾಡಿಸುತ್ತೇನೆ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರು ಹಾಕುವ ಮುದ್ರೆ ಬೇರೆಯೇ. ವ್ಯಾಪಾರಕ್ಕೆ ಅದು ಕಡ್ಡಾಯ, ಆದರೆ ತಕ್ಕಡಿಯ ಮುದ್ರೆ ನಿಮ್ಮ ತೇವಾಂಶದ ಮೀಟರ್ ಸರಿ ಇದೆ ಅಂತ ಹೇಳುವುದಿಲ್ಲ.

ವರದಿಯ ಬಗ್ಗೆ ಅನುಮಾನ ಬಂದರೆ ಮೊದಲು ಆ ಲ್ಯಾಬಿಗೇ ಬರಹದಲ್ಲಿ ದೂರು ಕೊಡಿ. ಉತ್ತರ ಸರಿ ಕಾಣದಿದ್ದರೆ ಎನ್‌ಎಬಿಎಲ್‌ಗೆ ಬರೆಯಿರಿ. ನೀವು ಸೀಲ್ ಮಾಡಿಟ್ಟ ಎರಡನೇ ಕವರ್ ಆಗ ಬೇಕಾಗುತ್ತದೆ.