ಉಪ್ಪು ಮಾರುವವನ ಬಿಪಿ ಲೆಕ್ಕ

ಬೆಳಗ್ಗೆ ಟೆಲ್ಮಿಸಾರ್ಟನ್ 40, ರಾತ್ರಿ ಆಮ್ಲೋಡಿಪಿನ್ 5. ಇಷ್ಟು ನುಂಗಿದರೂ ನನ್ನ ಬಿಪಿ 150/95ರಿಂದ ಕೆಳಗಿಳಿಯುತ್ತಿರಲಿಲ್ಲ. ಮೂರನೇ ಮಾತ್ರೆ ಬರೆಯೋಕೆ ಹೊರಟಿದ್ದ ಡಾಕ್ಟರ ಹತ್ತಿರ ಎರಡು ತಿಂಗಳು ಗಡುವು ಕೇಳಿದೆ. ಈಗ ಅದೇ ಎರಡು ಮಾತ್ರೆಯಲ್ಲಿ 130/80ರ ಆಸುಪಾಸು ನಿಂತಿದೆ, ವರ್ಷದ ಮೇಲಾಯಿತು. ಉಪ್ಪು ಕಮ್ಮಿ ಮಾಡಿದಾಗ ನಕ್ಕವರೆಲ್ಲ ಈಗ ಹೇಗೆ ಮಾಡಿದೆ ಅಂತ ಕೇಳ್ತಾರೆ.

ನಂದು ದಾವಣಗೆರೆಯಲ್ಲಿ ಕಿರಾಣಿ ಅಂಗಡಿ. ಮೊದಲು ದುಡ್ಡು ಹೋಗಿದ್ದು ಬಿಪಿ ನೋಡೋ ಮಷಿನ್ನಿಗೆ. ಮಣಿಕಟ್ಟಿಗೆ ಕಟ್ಟುವ ಮಷಿನ್ ಸುಮಾರು 1,400 ಕೊಟ್ಟು ತಂದೆ. ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಬೇರೆ ಲೆಕ್ಕ ತೋರಿಸೋದು. ಆಮೇಲೆ ತೋಳಿಗೆ ಕಟ್ಟುವುದು, ಎರಡು ಸಾವಿರ ಚಿಲ್ಲರೆ. ಅದರ ಪಟ್ಟಿ ನನ್ನ ತೋಳಿಗೆ ಚಿಕ್ಕದು. ಚಿಕ್ಕ ಪಟ್ಟಿ ಬಿಪಿ ಜಾಸ್ತಿ ತೋರಿಸುತ್ತೆ ಅಂತ ಯಾರೂ ಹೇಳಿರಲಿಲ್ಲ. ಏಳುನೂರೋ ಎಂಟುನೂರೋ ಕೊಟ್ಟು ದೊಡ್ಡ ಪಟ್ಟಿ ತರಿಸಿದ ಮೇಲೆ ಸುಮ್ನೆ ಏಳೆಂಟು ಪಾಯಿಂಟ್ ಇಳೀತು. ಕಾಫಿಗೆ ಮುಂಚೆ, ಮಾತ್ರೆಗೆ ಮುಂಚೆ, ಬೆನ್ನು ಒರಗಿಸಿ ಐದು ನಿಮಿಷ ಕೂತು ಎರಡು ಸಲ ನೋಡ್ತೇನೆ. ಮಧ್ಯೆ ಮನೆಯವಳು ಹಾಲಿನವನ ಬಾಕಿ ಕೇಳಿದರೆ ಹತ್ತು ಏರುತ್ತೆ, ಹಾಗಾಗಿ ಆಗ ಅಡುಗೆಮನೆ ಬಾಗಿಲು ಮುಚ್ಚಿಸ್ತೇನೆ.

ಭಾವನವರು ಹಸಿ ಬೆಳ್ಳುಳ್ಳಿ ತಿನ್ನು ಅಂದರು. ಒಂದು ತಿಂಗಳು ತಿಂದೆ. ಗಿರಾಕಿಗಳು ಗಲ್ಲಾಪೆಟ್ಟಿಗೆಯಿಂದ ದೂರ ನಿಂತರು, ಬಿಪಿ ನಿಂತಲ್ಲೇ ನಿಂತಿತು. ನುಗ್ಗೆಸೊಪ್ಪಿನ ರಸವೂ ಆಯಿತು. ಸೈಂಧವ ಉಪ್ಪನ್ನು ‘ಬಿಪಿ ಉಪ್ಪು’ ಅಂತ ಕೇಳಿ ಒಯ್ಯೋರು ಬೇಕಾದಷ್ಟು ಜನ. ಅದರಲ್ಲಿ ನನಗೆ ಮಾರ್ಜಿನ್ ಚೆನ್ನಾಗಿದೆ, ಆದರೂ ಹೇಳ್ತೇನೆ: ಅದೂ ಮಾಮೂಲಿ ಉಪ್ಪಿನಂತೆ ಸೋಡಿಯಂ ಕ್ಲೋರೈಡೇ. ಲೋ ಸೋಡಿಯಂ ಉಪ್ಪು ಬೇರೆ, ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ಟೆಲ್ಮಿಸಾರ್ಟನ್ ತಗೊಳ್ಳೋರು, ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಅದನ್ನ ಮುಟ್ಟಬೇಡಿ.

ಕೆಲಸ ಮಾಡಿದ್ದು ಉಪ್ಪಿನ ಪ್ಯಾಕೆಟ್ ಮೇಲಿನ ತಾರೀಖು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ. ನಮ್ಮನೇಲಿ ನಾಲ್ಕು ಜನ, ಅಂದರೆ ದಿನಕ್ಕೆ 20 ಗ್ರಾಂ, ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಒಡೆದ ದಿನ ಮಾರ್ಕರ್‌ನಲ್ಲಿ ಬರೆದಿಟ್ಟು ನೋಡಿದರೆ ಇಪ್ಪತ್ತು ದಿನಕ್ಕೇ ಖಾಲಿ! ಅಂಗಡಿಯಿಂದ ತರೋ ಉಪ್ಪಿನಕಾಯಿ, ಹಪ್ಪಳ ಇದರಲ್ಲಿ ಸೇರಿಲ್ಲ.

ಆಮೇಲೆ ಒಂದೊಂದೇ ಕಡೆ ಕಿತ್ತೆವು. ಅನ್ನಕ್ಕೆ ಉಪ್ಪು ಬಂದ್. ರೊಟ್ಟಿ ಹಿಟ್ಟಿಗೆ ಬಂದ್. ಮಜ್ಜಿಗೆಗೆ ಜೀರಿಗೆ, ಕೊತ್ತಂಬರಿ ಮಾತ್ರ. ಉಪ್ಪಿನ ಡಬ್ಬಿಯ ದೊಡ್ಡ ಚಮಚ ತೆಗೆದು ಔಷಧಿ ಬಾಟಲಿ ಜೊತೆ ಬಂದ ಪುಟ್ಟ ಚಮಚ ಹಾಕಿದೆ. ‘ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಸುಮ್ನೆ ಮಾಡಿದಾರಾ?’ ಅಂತ ಭಾವನವರು ತಟ್ಟೆ ಸರಿಸಿದರು. ಪಕ್ಕದ ಅಂಗಡಿಯವರದು ಇನ್ನೊಂದು: ‘ಸಾವ್ಕಾರ್ರೆ, ಮಾರೋರೇ ಬಿಟ್ರೆ ನಾವೇನು ತಿನ್ನೋಣ?’

ಮೊದಲ ಎರಡು ವಾರ ಊಟ ಸಪ್ಪೆ, ಒಪ್ಪಿಕೊಳ್ತೇನೆ. ಮೂರ್ನಾಲ್ಕು ವಾರಕ್ಕೆ ನಾಲಿಗೆ ಹೊಂದಿಕೊಂಡಿತು. ಈಗ ಮದುವೆ ಮನೆ ಸಾರು ನಮಗೇ ಉಪ್ಪಾಗುತ್ತೆ. ನಿಂಬೆ, ಹುಣಸೆ ಸ್ವಲ್ಪ ಜಾಸ್ತಿ ಹಾಕಬೇಕು. ಇನ್ನೊಂದು ಪುಡಿ ಇದೆ, ಹುರಿದು ಮಾಡೋದು, ಅದು ಬಿದ್ದರೆ ಉಪ್ಪು ಕಮ್ಮಿ ಅನ್ನೋದೇ ತಿಳಿಯಲ್ಲ. ಅದರ ಅಳತೆ ಮನೆಯವಳದು. ಮುಂದೆ ಪ್ಯಾಕೆಟ್ ಮಾಡಿ ಮಾರೋ ಯೋಚನೆ ಇದೆ, ಇಲ್ಲಿ ಬರೆಯೋದಿಲ್ಲ. ಪ್ಯಾಕೆಟ್ ಈಗ ನಲವತ್ತು ದಿನ ದಾಟುತ್ತೆ.

ದಿನಾ ಬರೆದಿಟ್ಟ ಪುಸ್ತಕದಿಂದ ಇನ್ನೊಂದು ಲಾಭ ಆಯಿತು. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದ ಡೈಕ್ಲೋಫೆನಾಕ್ ನುಂಗಿದ ವಾರ ಮತ್ತೆ 145 ಮುಟ್ಟಿತ್ತು. ಪುಸ್ತಕ ತೋರಿಸಿದ ಮೇಲೆ ಡಾಕ್ಟರು ಅದನ್ನ ನಿಲ್ಲಿಸಿ ಪ್ಯಾರಾಸಿಟಮಾಲ್ ಕೊಟ್ಟರು. ಮೂರನೇ ಮಾತ್ರೆ ಮಾತು ಅಲ್ಲಿಗೇ ನಿಂತಿತು. ಇದ್ದ ಎರಡನ್ನು ಮಾತ್ರ ಒಂದು ದಿನವೂ ಬಿಟ್ಟಿಲ್ಲ, ಉಪ್ಪು ಕಮ್ಮಿ ಮಾಡಿದೆ ಅಂತ ಮಾತ್ರೆ ಬಿಡೋದು ನನ್ನ ಲೆಕ್ಕದಲ್ಲಿಲ್ಲ. ಅವರನ್ನೇ ಕೇಳಿ ಜನೌಷಧಿ ಅಂಗಡಿಗೆ ಬದಲಾಯಿಸಿದೆ. ತಿಂಗಳಿಗೆ ನಾನೂರರ ಹತ್ತಿರ ಆಗುತ್ತಿದ್ದದ್ದು ನೂರರ ಒಳಗೆ ಬಂತು.

ಮಂಡಕ್ಕಿ ಮಿರ್ಚಿ ಪೂರ್ತಿ ಬಿಟ್ಟಿಲ್ಲ. ಭಾನುವಾರ ಒಂದು ಪ್ಲೇಟ್. ಸೋಮವಾರ ಬೆಳಗ್ಗೆ ಐದಾರು ಪಾಯಿಂಟ್ ಏರಿರುತ್ತೆ, ಅದನ್ನೂ ಪುಸ್ತಕದಲ್ಲಿ ಬರೀತೇನೆ.