ಹೆಡ್‌ಸೆಟ್‌ನಲ್ಲಿ ಮೊದಲು ನಂಬರ್, ಆಮೇಲೆ ಕೆಲಸ

ಮಲ್ಟಿಕ್ಯಾಮ್, ಅಂದರೆ ಒಂದೇ ಕಾರ್ಯಕ್ರಮವನ್ನು ಹಲವು ಕ್ಯಾಮೆರಾಗಳಲ್ಲಿ ಒಟ್ಟಿಗೆ ಚಿತ್ರೀಕರಿಸುವುದನ್ನು ಕಲಿಸುವವರಿಗೊಂದು ಸಲಹೆ. ಡೈರೆಕ್ಟರ್ ಸೀಟಿನಲ್ಲಿ ಕೂತ ವಿದ್ಯಾರ್ಥಿ ಹೆಡ್‌ಸೆಟ್‌ನಲ್ಲಿ ಮೊದಲು ಕ್ಯಾಮೆರಾ ನಂಬರ್ ಹೇಳಲಿ, ಆಮೇಲೆ ಕೆಲಸ. ‘ಸ್ವಲ್ಪ ಝೂಮ್ ಇನ್ ಮಾಡು, ಎರಡು’ ಅಂದರೆ ಆನ್ ಏರ್ ಇರುವ ಒಂದನೇ ಕ್ಯಾಮೆರಾದವನೂ ‘ಝೂಮ್’ ಕೇಳಿದ ತಕ್ಷಣ ಕೈ ಆಡಿಸಿಬಿಡುತ್ತಾನೆ. ‘ಎರಡು, ಭಾಗವತರ ಕ್ಲೋಸಪ್ ಕೊಡು’ ಅಂದರೆ ಎರಡನೆಯವನ ಕಿವಿ ಮಾತ್ರ ನೆಟ್ಟಗಾಗುತ್ತದೆ, ಉಳಿದವರು ಕದಲುವುದಿಲ್ಲ. ಕಟ್ ಮಾಡುವಾಗ, ಅಂದರೆ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಹೋಗುವಾಗ ಮಾತ್ರ ಕ್ರಮ ಬೇರೆ: ‘ರೆಡಿ ಎರಡು’, ಒಂದು ಉಸಿರು ಬಿಟ್ಟು ‘ಟೇಕ್ ಎರಡು’. ಆ ‘ರೆಡಿ’ಯನ್ನೇ ಹುಡುಗರು ಜಾಸ್ತಿ ನುಂಗುವುದು. ಅದು ಬರದಿದ್ದರೆ ಸ್ವಿಚರ್ (ಕ್ಯಾಮೆರಾ ಬದಲಿಸುವ ಯಂತ್ರ) ಮೇಲಿರುವವರು ಬಟನ್ ಒತ್ತಲೇಬಾರದು ಅಂತ ನಿಯಮ ಮಾಡಿ, ಬೇಗ ರೂಢಿಯಾಗುತ್ತದೆ. ಇದಕ್ಕೆ ಸ್ಟುಡಿಯೋನೇ ಬೇಕಂತಿಲ್ಲ, ಕ್ಲಾಸಿನಲ್ಲಿ ಮೂರು ಮೊಬೈಲ್, ಒಂದು ಗ್ರೂಪ್ ಕಾಲ್ ಸಾಕು. ಆದರೆ ಮೊಬೈಲ್ ಚಿತ್ರ ವೈಫೈನಲ್ಲಿ ತಡವಾಗಿ ಬಂದರೆ ‘ಮೂರು, ಸಾಕು ನಿಲ್ಲು’ ಅನ್ನುವಷ್ಟರಲ್ಲಿ ಫ್ರೇಮ್ ದಾಟಿ ಹೋಗಿರುತ್ತದೆ. ಪ್ಯಾನ್, ಝೂಮ್ ಅಭ್ಯಾಸಕ್ಕೆ ಕೇಬಲ್ ಹಾಕಿಯೇ ಮಾಡಿ. ಯಕ್ಷಗಾನದಂಥ ಕಡೆ ಚೆಂಡೆ ಪಕ್ಕ ನಿಂತವನಿಗೆ ನಂಬರೂ ಕೇಳಿಸುವುದಿಲ್ಲ, ಟೇಕೂ ಕೇಳಿಸುವುದಿಲ್ಲ. ಅವನಿಗೆ ಎರಡೂ ಕಿವಿ ಮುಚ್ಚುವ ಹೆಡ್‌ಸೆಟ್ ಕೊಡಿ, ಕ್ಯಾಮೆರಾ ಆನ್ ಏರ್ ಇದ್ದಾಗ ಕೆಂಪಾಗಿ ಉರಿಯುವ ಟ್ಯಾಲಿ ಲೈಟ್ ನೋಡುವುದನ್ನೂ ಅಭ್ಯಾಸ ಮಾಡಿಸಿ. ಕೆಂಪು ಇದ್ದಷ್ಟು ಹೊತ್ತು ಡೈರೆಕ್ಟರ್ ಹೇಳದೆ ಕ್ಯಾಮೆರಾ ಅಲುಗಾಡಬಾರದು. ಹಾಂ, ಶೋ ನಡುವೆ ಕ್ಯಾಮೆರಾದವರು ಜಾಗ ಬದಲಿಸಿಕೊಂಡರೂ ನಂಬರ್ ಕ್ಯಾಮೆರಾದ್ದೇ, ಮನುಷ್ಯನದ್ದಲ್ಲ. ಟ್ರೈಪಾಡ್ ಕಾಲಿಗೆ ದೊಡ್ಡದಾಗಿ ಬರೆದು ಅಂಟಿಸಿಬಿಡಿ.